ಎಂಟು ಮಕ್ಕಳು ಪಾಸಾದ ದಿನ

ಕಪಾಟಿನ ಬೀಗದ ಕೈ ಇದ್ದದ್ದು ನನ್ನ ಸೊಂಟದಲ್ಲಿ. ಆಮೇಲೆ ಅವರಿವರ ಮೇಲೆ ತಪ್ಪು ಹಾಕಿದಳು ಎನ್ನಬಾರದು ನೋಡಿ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ದೊಡ್ಡ ಮೇಡಂ ಹೇಳಿದ್ದು ನಿಜ, ಇಲಾಖೆಯವರು ಕಾಗದ ಕಳಿಸಿದ್ದೂ ನಿಜ. ಆದರೆ ಬೀಗ ತೆಗೆದವಳು ನಾನು, ಬೆರಳು ಒತ್ತಿದವಳೂ ನಾನು.

ನಾನು ಶಾಲೆಯ ಆಯಾ. ಗಂಟೆ ಹೊಡೆಯುವುದು, ನೆಲ ಒರೆಸುವುದು, ಸುರಿಯುವ ಮೂಗು ಒರೆಸುವುದು, ಬಿದ್ದ ಮೊಣಕಾಲಿಗೆ ಔಷಧಿ ಹಚ್ಚುವುದು, ಹೀಗೇ ಹದಿನೆಂಟು ವರ್ಷ ಕಳೆದಿದೆ. ಮಕ್ಕಳು ಎದುರಿಗೆ ಆಯಮ್ಮ ಅನ್ನುತ್ತಾರೆ, ಬೆನ್ನ ಹಿಂದೆ ಬೆಂಕಿಪೊಟ್ಟಣ ಅನ್ನುತ್ತಾರೆ. ಅನ್ನಲಿ ಬಿಡಿ, ನನ್ನ ಬಾಯಿ ಅಂಥದ್ದೇ. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ನಾಲ್ಕು ಅಂಕಕ್ಕೆ ಫೇಲಾದವಳು ನಾನು. ಇನ್ನೊಂದು ಸಲ ಕೂರುತ್ತೇನೆ ಎಂದರೆ ಅಪ್ಪ ಒಪ್ಪಲಿಲ್ಲ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ಅಣ್ಣ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಅತ್ತಿಗೆ ತೀರಿಕೊಂಡ ಮೇಲೆ ಅವನ ಮಗಳು ನನ್ನ ಜೊತೆಗೇ ಇದ್ದಾಳೆ. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಒಂದೇ ಸಮನೆ ಕುಯ್ಯುತ್ತಿದ್ದಳೆಂದು ನಾನೇ ಪಿಟೀಲು ಎಂದು ಕರೆದೆ, ಅದೇ ಹೆಸರು ನಿಂತಿತು. ಈಗ ಹತ್ತು ವರ್ಷ, ಐದನೇ ತರಗತಿ. ಒಮ್ಮೆ ಕೇಳಿದ ಹಾಡು ಮರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಯಾವ ಬಾಗಿಲಿಗೆ ಯಾವ ಬಣ್ಣ, ಹೋದ ವಾರ ನೀರಿನ ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತಿದ್ದರು, ಎಲ್ಲ ಪಟಪಟನೆ ಹೇಳುತ್ತಾಳೆ. ಓದುವುದು ಮಾತ್ರ ಬರುತ್ತಿರಲಿಲ್ಲ. ಪುಸ್ತಕ ತೆರೆದರೆ "ಅಕ್ಷರ ಎಲ್ಲ ಇರುವೆ ಥರ ಓಡಾಡ್ತವೆ ಅತ್ತೆ" ಅನ್ನುತ್ತಿದ್ದಳು.

ಅಂಥ ಮಕ್ಕಳಿಗೆಂದೇ ಶಾಲೆಯಲ್ಲಿ ಒಬ್ಬರು ಮೇಷ್ಟ್ರಿದ್ದರು. ಓದಿನ ಮೇಷ್ಟ್ರು ಎಂದೇ ಎಲ್ಲರೂ ಕರೆಯುತ್ತಿದ್ದರು. ಖಾಯಂ ಕೆಲಸವಲ್ಲ, ವರ್ಷ ವರ್ಷವೂ ಇಲಾಖೆ ಒಪ್ಪಿದರೆ ಮುಂದುವರಿಯುವ ಹುದ್ದೆ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ ಅವರದು. ಅವರೋ ಬಾಗಿಲಿಗಿಂತ ಎತ್ತರದ ಮನುಷ್ಯ, ವರ್ಷವಿಡೀ ಕತ್ತು ಬಗ್ಗಿಸಿಕೊಂಡೇ ಪಾಠ ಹೇಳಿದರು. ಬೇರೆ ಬೇರೆ ತರಗತಿಗಳಿಂದ ಆರಿಸಿದ ಎಂಟು ಮಕ್ಕಳು ದಿನಕ್ಕೊಂದು ಗಂಟೆ ಅವರ ಹತ್ತಿರ ಹೋಗಬೇಕು. ಆ ಎಂಟರಲ್ಲಿ ನಮ್ಮ ಪಿಟೀಲು ಒಬ್ಬಳು.

ಅವರ ಪಾಠಕ್ಕೆ ಪುಸ್ತಕವೇ ಇರಲಿಲ್ಲ. ಪ್ರತಿ ಮಗುವೂ ದಿನಕ್ಕೊಂದು ಪದ ತರಬೇಕು. ಅಂಗಡಿಯ ಬೋರ್ಡಿನಿಂದಲೋ, ಬಸ್ಸಿನ ಮೈಮೇಲಿಂದಲೋ, ಮಾತ್ರೆಯ ಹಾಳೆಯಿಂದಲೋ, ಎಲ್ಲಿಂದಾದರೂ ಸರಿ, ಅರ್ಥ ಗೊತ್ತಿಲ್ಲದಿದ್ದರೂ ಸರಿ, ಕಂಡ ಹಾಗೆ ಚೀಟಿಯಲ್ಲಿ ಬರೆದು ತರಬೇಕು. ಚೀಟಿಗಳೆಲ್ಲ ಬಿಸ್ಕತ್ತಿನ ಡಬ್ಬಿಗೆ. ಡಬ್ಬಿ ಅಲ್ಲಾಡಿಸಿ ಒಂದನ್ನು ಎತ್ತಿ, ಅದನ್ನು ತಂದ ಮಗುವಿಗೇ ಓದಲು ಕೊಡುತ್ತಿದ್ದರು. "ನಿನ್ನ ಪದ ಕಣಮ್ಮ ಇದು. ನೀನು ಓದೋವರೆಗೂ ಇನ್ಯಾರೂ ಮುಟ್ಟಂಗಿಲ್ಲ" ಅನ್ನುತ್ತಿದ್ದರು. ಎಷ್ಟು ಹೊತ್ತಾದರೂ ಕಾಯುತ್ತಿದ್ದರು ಪುಣ್ಯಾತ್ಮ.

ಪಿಟೀಲು ಮೊದಲ ದಿನ ತಂದ ಪದ 'ರಜಾ'. ಅದನ್ನು ಓದಲು ಮೂರು ದಿನ ಹಿಡಿಯಿತು. ಆರು ತಿಂಗಳಾಗುವ ಹೊತ್ತಿಗೆ ಕಾಗುಣಿತ ಕೈಗೆ ಬಂದಿತ್ತು. ಬೆರಳಿಟ್ಟು, ಉಸಿರು ಹಿಡಿದು, 'ಸಾಬೂನು' ಎಂದು ಅವಳು ಓದಿದ ದಿನ ನಾನು ಬಾಗಿಲ ಹೊರಗೆ ಪೊರಕೆ ಹಿಡಿದು ನಿಂತಿದ್ದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಸಾಬೂನಿಗೆ ಅತ್ತವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

"ಒತ್ತಕ್ಷರ ಒಂದು ಬಾಕಿ ಆಯಮ್ಮ" ಎಂದರು ಮೇಷ್ಟ್ರು. "ಅದು ಮುಂದಿನ ವರ್ಷಕ್ಕೆ. ಈಗಲೇ ತಲೆಗೆ ತುರುಕಿದ್ರೆ ಎಲ್ಲ ಕಲಸಿಹೋಗುತ್ತೆ. ಇನ್ನೊಂದು ವರ್ಷ ಕೊಡಿ ನಂಗೆ. ಆಮೇಲೆ ಇವಳನ್ನ ಹಿಡಿಯೋರಿಲ್ಲ."

ಆ ಇನ್ನೊಂದು ವರ್ಷವೇ ನನಗೆ ಬೇಕಿದ್ದದ್ದು. ದೇವರ ಮುಂದೆ ಬೇರೇನನ್ನೂ ಕೇಳಿದವಳಲ್ಲ.

ಅದೇ ವರ್ಷ ಟ್ಯಾಬುಗಳು ಬಂದವು. ಮೇಲಿನ ಮಹಡಿಯ ಸೂರು ಸೋರುತ್ತಿತ್ತು, ಹುಡುಗಿಯರ ಪಾಯಿಖಾನೆಯ ಬಾಗಿಲಿಗೆ ಚಿಲಕವಿರಲಿಲ್ಲ, ಸೀಮೆಸುಣ್ಣವನ್ನು ಮೇಡಂಗಳು ಕೈಯಿಂದ ದುಡ್ಡು ಹಾಕಿ ತರುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಗೊಣಗಿದೆ. ಇಲಾಖೆಯಲ್ಲಿ ಹಣವಿಲ್ಲ, ಹೊಸ ಮೇಷ್ಟ್ರುಗಳನ್ನು ಕೊಡಲಾಗುವುದಿಲ್ಲ, ಅದಕ್ಕೇ ಇವು ಎಂದು ದೊಡ್ಡ ಮೇಡಂ ಹೇಳಿದರು. ನೂರ ಅರವತ್ತು ಮಕ್ಕಳಿಗೆ ನಲವತ್ತು ಟ್ಯಾಬು. ಬೇರೆ ಯಾವುದೋ ಶಾಲೆಯಲ್ಲಿ ಬಳಸಿ ಬಿಟ್ಟವು. ಮೂರು ತಿಂಗಳಲ್ಲಿ ಹದಿನೆಂಟು ಕಣ್ಣು ಮುಚ್ಚಿದವು. ರಿಪೇರಿಗೆ ಹಣವಿಲ್ಲ. ಉಳಿದ ಇಪ್ಪತ್ತೆರಡಕ್ಕೆ ಚಾರ್ಜರು ಒಂಬತ್ತು, ಕಿವಿಗೆ ಹಾಕುವ ವಯರು ಐದು.

ಅದರೊಳಗೊಂದು ಮೊಲ. ಪಾಠ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ, ಸರಿಯಾದರೆ ಚಪ್ಪಾಳೆ ಹೊಡೆದು ಕುಣಿಯುತ್ತದೆ, ತಪ್ಪಾದರೆ ಕಿವಿ ಇಳಿಬಿಟ್ಟು ಕೂರುತ್ತದೆ. ಒಳ್ಳೆಯ ಮೊಲವೇ, ಸುಳ್ಳು ಯಾಕೆ ಹೇಳಲಿ. ಒಂದು ಮಗುವಿಗೆ ಒಂದು ಟ್ಯಾಬು, ಕಿವಿಗೊಂದು ವಯರು, ಪಕ್ಕದಲ್ಲೊಬ್ಬರು ಮೇಷ್ಟ್ರು ಇದ್ದಿದ್ದರೆ ಅದರಿಂದ ನಾಲ್ಕು ಅಕ್ಷರ ಕಲಿಯಬಹುದಿತ್ತು. ನಮ್ಮಲ್ಲಿ ಏಳೆಂಟು ಮಕ್ಕಳು ಒಂದು ಟ್ಯಾಬಿನ ಮೇಲೆ ಬಿದ್ದು ಕಿತ್ತಾಡುತ್ತಿದ್ದರು, ಮೊಲ ಯಾರ ಬೆರಳಿಗೆ ಕುಣಿಯುತ್ತಿದೆಯೋ ಅದಕ್ಕೇ ಗೊತ್ತಿರಲಿಲ್ಲ.

ಇಲಾಖೆಯ ನಿಯಮ ಮಾತ್ರ ಗಟ್ಟಿಯಾಗಿತ್ತು. ಪ್ರತಿ ಮಗುವೂ ವಾರಕ್ಕೆ ಒಂದು ಗಂಟೆ ಮೊಲದ ಜೊತೆ ಕಳೆಯಬೇಕು, ತಿಂಗಳಿಗೊಮ್ಮೆ ಓದಿನ ಪರೀಕ್ಷೆ ಬರೆಯಬೇಕು. ನೂರಕ್ಕೆ ಎಂಬತ್ತು ಮಕ್ಕಳು ಮಾಡದಿದ್ದರೆ ಟ್ಯಾಬುಗಳು ವಾಪಸ್ಸು. ಅಷ್ಟೇ ಆಗಿದ್ದರೆ ಹೋಗಲಿ, ಪೀಡೆ ತೊಲಗಿತು ಎನ್ನಬಹುದಿತ್ತು. 'ಆಸಕ್ತಿಯಿಲ್ಲದ ಶಾಲೆ' ಎಂದು ಪಟ್ಟಿಗೆ ಸೇರಿಸಿ, ಹೆದ್ದಾರಿಯ ಆಚೆಗಿನ ಶಾಲೆಗೆ ನಮ್ಮನ್ನು ಸೇರಿಸಿಬಿಡುತ್ತಾರಂತೆ.

ಒಂದು ದಿನ ಸಂಜೆ ದೊಡ್ಡ ಮೇಡಂ ನನ್ನನ್ನು ಕರೆದರು. ಅವರ ಕಣ್ಣು ಕೆಂಪಗಿತ್ತು.

"ಆಯಾ, ನಿಂಗೆ ಓದಕ್ಕೆ ಬರುತ್ತಲ್ಲ?"

"ಹತ್ತನೇ ಕ್ಲಾಸು ಮೇಡಂ. ನಾಲ್ಕೇ ಅಂಕ..."

"ಗೊತ್ತಮ್ಮ, ಸಾವಿರ ಸಲ ಹೇಳಿದೀಯ. ನೋಡು, ಶಾಲೆ ಬಿಟ್ಟ ಮೇಲೆ ಒಂದೆರಡು ಗಂಟೆ ಕೂತು ಮಕ್ಕಳ ಹೆಸರಲ್ಲಿ ಒತ್ತಿಬಿಡ್ತೀಯಾ? ಈ ವರ್ಷ ಒಂದು ದಾಟಿದ್ರೆ ಸಾಕು. ಮೇಡಂಗಳಿಗೆ ಹೇಳಿದ್ರೆ ಒಬ್ಬೊಬ್ರು ಒಂದೊಂದು ಮಾತಾಡ್ತಾರೆ. ನೀನು ನಮ್ಮೋಳು."

ನಮ್ಮೋಳು ಅಂದರು ನೋಡಿ, ನಾನು ಉಬ್ಬಿಹೋದೆ. ಮಾರನೇ ದಿನದಿಂದ ಐದು ಗಂಟೆಗೆ ಕಪಾಟಿನ ಬೀಗ ತೆಗೆದು ಕೂರತೊಡಗಿದೆ. ಆರು ಟ್ಯಾಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಅಡುಗೆಮನೆಯಲ್ಲಿ ಆರು ಒಲೆ ಹಚ್ಚಿದವಳ ಹಾಗೆ ಒಂದಾದ ಮೇಲೊಂದು ನೋಡಿಕೊಳ್ಳುತ್ತಿದ್ದೆ.

ಓದಿನ ಪರೀಕ್ಷೆಯಂತೂ ಸಲೀಸು. ಇಪ್ಪತ್ತನಾಲ್ಕು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಒಂದನ್ನು ಒತ್ತಬೇಕು. ನೂರ ಅರವತ್ತು ಮಕ್ಕಳಿಗೂ ಅವೇ ಪ್ರಶ್ನೆ, ಅದೇ ಸಾಲು, ಎಲ್ಲ ತಿಂಗಳೂ ಅದೇ. ದುಬಾರಿ ಟ್ಯಾಬು ತೆಗೆದುಕೊಂಡ ಶಾಲೆಗಳಿಗೆ ಪ್ರಶ್ನೆ ಬದಲಾಗುತ್ತವಂತೆ, ನಮಗೆ ಕೊಟ್ಟದ್ದು ಕಡಿಮೆ ದರದ್ದು.

ಮೊದಮೊದಲು ನಾನು ನ್ಯಾಯವಾಗಿಯೇ ಇದ್ದೆ. ದಡ್ಡರಿಗೆ ಅಲ್ಲಲ್ಲಿ ತಪ್ಪು ಒತ್ತುತ್ತಿದ್ದೆ. ಆದರೆ ಮೊಲ ಕಿವಿ ಇಳಿಬಿಟ್ಟು, ಪರದೆಯ ಮೇಲೆ ಕೆಂಪು ಗುರುತು ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕು ಅಂಕದ ಉರಿ ಅದು. ಸರಿಯಾದದ್ದು ಗೊತ್ತಿದ್ದೂ ತಪ್ಪು ಒತ್ತುವುದು ಹೇಗೆ? ಹದಿನೈದು ದಿನದಲ್ಲಿ ಎಲ್ಲರನ್ನೂ ಪಾಸು ಮಾಡತೊಡಗಿದೆ. ಓದಿನ ಮೇಷ್ಟ್ರ ಎಂಟು ಮಕ್ಕಳನ್ನಂತೂ ಇನ್ನಷ್ಟು ಅಕ್ಕರೆಯಿಂದ. ನಮ್ಮನೆ ಕೂಸು ಕೊನೆಯಲ್ಲಿ ನಿಲ್ಲಬೇಕೇ? ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು! ಮೊಲ ಕುಣಿದಾಗ ನಾನೂ ಒಳಗೊಳಗೇ ಕುಣಿದೆ. ನಲವತ್ತೇಳು ವರ್ಷದ ಹೆಂಗಸು, ಸೀರೆ ಸೆರಗಿಗೆ ಫಿನಾಯಿಲ್ ವಾಸನೆ, ಹಸಿರು ನಕ್ಷತ್ರಕ್ಕೆ ಹಲ್ಲು ಕಿರಿಯುತ್ತ ಕೂತಿದ್ದೆ. ಥೂ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ನನ್ನ ಜೊತೆ ಮನೆಗೆ ಹೋಗಬೇಕಲ್ಲ, ಪಿಟೀಲು ಪಕ್ಕದ ಬೆಂಚಿನಲ್ಲಿ ಕಾಲು ಆಡಿಸುತ್ತ ಕೂತಿರುತ್ತಿದ್ದಳು. ಕೆಲವು ಸಲ ನಾನು ಒತ್ತುವ ಮೊದಲೇ "ಮೂರನೇದು ಅತ್ತೆ" ಅನ್ನುತ್ತಿದ್ದಳು. "ಭಲೇ ಕಿಲಾಡಿ" ಎಂದು ತಲೆಗೆ ಮೊಟಕುತ್ತಿದ್ದೆ, ಅಷ್ಟೇ.

ವರ್ಷದ ಕೊನೆಗೆ ಇಲಾಖೆಯಿಂದ ಕಾಗದ ಬಂತು. ನಾನು ಟೀ ತಟ್ಟೆ ಹಿಡಿದು ದೊಡ್ಡ ಮೇಡಂ ಕೋಣೆಗೆ ಹೋದಾಗ ಓದಿನ ಮೇಷ್ಟ್ರು ಅಲ್ಲೇ ನಿಂತು ಅದನ್ನು ಓದುತ್ತಿದ್ದರು. ಅಲ್ಲಿ ಸೂರು ಎತ್ತರವಿದ್ದರೂ ಅಭ್ಯಾಸಕ್ಕೆ ಕತ್ತು ಬಗ್ಗಿಸಿಯೇ ಇದ್ದರು.

"ಈ ಶಾಲೆಯಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳ ಸಂಖ್ಯೆ ಸೊನ್ನೆ" ಎಂದು ಜೋರಾಗಿ ಓದಿದರು. "ಆದ್ದರಿಂದ ವಿಶೇಷ ಓದಿನ ಶಿಕ್ಷಕರ ಹುದ್ದೆಯನ್ನು ಮುಂದುವರಿಸುವ ಅಗತ್ಯವಿರುವುದಿಲ್ಲ."

ದೊಡ್ಡ ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಸೊನ್ನೆ ಅಂತೆ" ಎಂದರು ಮೇಷ್ಟ್ರು. "ನನ್ನ ಎಂಟು ಜನ ಎಲ್ಲಿ ಹೋದ್ರು ಹಾಗಾದ್ರೆ?"

ಬಾಯಿಬಡುಕಿ ಎಂದು ಹೆಸರಾದ ನನ್ನ ಬಾಯಿಗೆ ಆವತ್ತು ಬೀಗ ಬಿದ್ದಿತ್ತು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಹೋಗುವ ದಿನ ಮೇಷ್ಟ್ರು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿಟ್ಟರು. "ಚೀಟಿ ತರೋದು ನಿಲ್ಲಿಸ್ಬೇಡಿ ಅಂತ ಮಕ್ಕಳಿಗೆ ಹೇಳಿ ಆಯಮ್ಮ. ಬೈಬೇಡಿ. ಬೈದ್ರೆ ಪಿಟೀಲು ಮುದುರಿಕೊಳ್ತಾಳೆ" ಎಂದು ಹೇಳಿ, ಬಾಗಿಲಲ್ಲಿ ತಲೆ ತಗ್ಗಿಸಿ ಹೊರಟುಹೋದರು. ದೂರದ ಯಾವುದೋ ಊರಲ್ಲಿ ಅವರ ತಂಗಿಯ ಮನೆ ಇದೆಯಂತೆ, ಅಲ್ಲಿಗೆ ಹೋದರು.

ಒತ್ತಕ್ಷರ ತಾನೇ, ನಾನೇ ಕಲಿಸುತ್ತೇನೆ ಎಂದು ಹೊರಟೆ. ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಕೋಣೆಯಲ್ಲಿ ಎಂಟೂ ಮಕ್ಕಳನ್ನು ಕೂರಿಸಿಕೊಂಡೆ. 'ಅಕ್ಕ' ಎಂದು ಬರೆದು ಪಿಟೀಲಿಗೆ ಓದು ಎಂದೆ. ಅವಳು ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಮೇಷ್ಟ್ರಾಗಿದ್ದರೆ ಕಾಯುತ್ತಿದ್ದರು. ನನಗೆ ಕಾಯುವುದು ಬರುವುದಿಲ್ಲ. ಎರಡನೇ ದಿನಕ್ಕೇ ಸಹನೆ ಮುಗಿಯಿತು.

"ಅದೆಷ್ಟು ಸಲ ಹೇಳ್ಬೇಕೇ ನಿಂಗೆ! ನಿಮ್ಮಂಥ ದಡ್ಡ ಮುಂಡೇವು ಇದ್ರೆ ಯಾವ ಮೇಷ್ಟ್ರು ತಾನೇ ನಿಲ್ತಾರೆ! ನೀವು ಪಾಸಾಗೋ ಮಕ್ಕಳಾಗಿದ್ದಿದ್ರೆ ಅವರು ಯಾಕೆ ಬಿಟ್ಟು ಹೋಗ್ತಿದ್ರು?"

ಸಿಟ್ಟಿನ ಭರದಲ್ಲಿ ಬಂದ ಮಾತು. ಸತ್ಯಕ್ಕೆ ಪೂರ್ತಿ ಉಲ್ಟಾ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟೂ ಮಕ್ಕಳು ನನ್ನನ್ನೇ ನೋಡಿದರು. ಪಿಟೀಲು ಅಳಲಿಲ್ಲ, ಏನೋ ಅರ್ಥವಾದವಳಂತೆ ತಲೆಯಾಡಿಸಿದಳು.

ಮಾರನೇ ಬೆಳಿಗ್ಗೆ ದೊಡ್ಡ ಮೇಡಂ ಹತ್ತಿರ ಹೋಗಿ "ಇದ್ದದ್ದು ಇದ್ದಂಗೆ ಹೇಳಿಬಿಡೋಣ ಮೇಡಂ" ಎಂದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ನಿನ್ನದೂ ಹೋಗುತ್ತೆ, ಶಾಲೆನೂ ಹೋಗುತ್ತೆ. ಹೆದ್ದಾರಿ ದಾಟಿ ಹೋಗ್ತವಾ ಈ ಕೂಸುಗಳು? ನಾನು ಹೇಳಲ್ಲ ಕಣೇ. ನೀನು ಹೇಳೋದಾದ್ರೆ ಹೇಳು, ತಡೆಯಲ್ಲ." ಕೆಟ್ಟವರಲ್ಲ ಅವರು. ಅವರಿಗೂ ಬೇರೆ ದಾರಿ ಇರಲಿಲ್ಲ.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಇಲಾಖೆಗೆ ಹೋದೆ. ಕೆಲಸ ಹೋದರೆ ನಾಲ್ಕು ಮನೆ ಪಾತ್ರೆ ತಿಕ್ಕಿಯಾದರೂ ಬದುಕುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಕಂಬಕ್ಕೊರಗಿ ಎರಡು ಗಂಟೆ ಕಾದ ಮೇಲೆ ಸಾಹೇಬರು ಒಳಗೆ ಕರೆದರು. ಕಡತಗಳ ಮಧ್ಯೆ ಸಣ್ಣಗೆ ಕೂತಿದ್ದ, ಕಣ್ಣ ಕೆಳಗೆ ಕಪ್ಪಾದ ಮನುಷ್ಯ. ನಾನು ಮೊದಲಿಂದ ಕೊನೆಯವರೆಗೂ ಒಪ್ಪಿಸಿದೆ. ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

"ಇದನ್ನ ಬರ್ಕೊಂಡ್ರೆ ನಿಮ್ಮನ್ನ ಮನೆಗೆ ಕಳಿಸ್ಬೇಕಾಗುತ್ತಮ್ಮ. ನೀವೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ."

"ಮೇಷ್ಟ್ರನ್ನ ವಾಪಸ್ ಕೊಡಿ ಸಾಹೇಬ್ರೆ, ಅಷ್ಟೇ."

ಅವರು ಹಣೆ ಉಜ್ಜಿಕೊಂಡರು. "ಒಂದು ದಾರಿ ಇದೆ. ವರ್ಷಕ್ಕೊಂದು ಸಲ ಮರುಪರೀಕ್ಷೆ ಮಾಡಬಹುದು. ಈ ತಿಂಗಳ ಕೊನೆಯೊಳಗೆ ನಾನೇ ಬಂದು ಆ ಎಂಟು ಮಕ್ಕಳನ್ನ ಎದುರಿಗೆ ಕೂರಿಸ್ಕೊಂಡು ಬರೆಸ್ತೀನಿ. ಐದು ಜನ ಫೇಲಾದ್ರೂ ಸಾಕು, ಹುದ್ದೆ ಉಳಿಯುತ್ತೆ. ತಿಂಗಳು ದಾಟಿದ್ರೆ ಮುಗೀತು."

"ಒಂದು ಪುಸ್ತಕ ಕೊಟ್ಟು ಓದಿಸಿ ಸಾಹೇಬ್ರೆ, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

"ಪುಸ್ತಕ ಓದಿಸಿದ್ರೆ ಅದು ನನ್ನ ಅಭಿಪ್ರಾಯ. ಟ್ಯಾಬಲ್ಲಿ ಬಂದ್ರೆ ಅಂಕಿ. ಅಭಿಪ್ರಾಯಕ್ಕೆ ಮೇಲಿನೋರು ಹಣ ಕೊಡಲ್ಲಮ್ಮ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ನಕ್ಕೆ. ಫೇಲಾಗಬೇಕು ಅಷ್ಟೇ ತಾನೇ! ನಮ್ಮ ಎಂಟು ಮಕ್ಕಳಿಗೆ ಫೇಲಾಗುವುದು ನೀರು ಕುಡಿದಷ್ಟು ಸುಲಭ. ಏನೂ ಹೇಳಿಕೊಡಬೇಕಾಗಿಲ್ಲ, ಏನೂ ಮುಚ್ಚಿಡಬೇಕಾಗಿಲ್ಲ.

ಬೇಕೆಂದೇ ತಪ್ಪು ಒತ್ತಿ ಎಂದು ಮಕ್ಕಳಿಗೆ ಹೇಳಿದರೆ ಹೇಗೆ ಎಂದು ಒಂದು ಸಲ ಯೋಚನೆ ಬಂದಿತ್ತು. ಮನಸ್ಸು ಒಪ್ಪಲಿಲ್ಲ. ಒಂದು ಸಲ ಸುಳ್ಳು ಒತ್ತಿ ಆದ ಅನಾಹುತ ಸಾಲದೇ? ಅದೂ ಅಲ್ಲದೆ, ಸೋಲು ಎಂದು ಮಗುವಿಗೆ ಯಾವ ಬಾಯಲ್ಲಿ ಹೇಳುವುದು? "ಮುಂದಿನ ಗುರುವಾರ ಸಾಹೇಬ್ರು ಬಂದು ಪರೀಕ್ಷೆ ಮಾಡ್ತಾರೆ. ಮೇಷ್ಟ್ರ ವಿಷಯಕ್ಕೇ ಬರ್ತಿರೋದು. ಹೆದರ್ಬೇಡಿ, ನಿಮಗೆ ಗೊತ್ತಿರೋದನ್ನ ಒತ್ತಿ" ಎಂದಷ್ಟೇ ಹೇಳಿದೆ. ಪಿಟೀಲಿನ ಕಣ್ಣು ಅಗಲವಾಯಿತು.

"ಮೇಷ್ಟ್ರು ವಾಪಸ್ ಬರ್ತಾರಾ ಅತ್ತೆ?"

"ಪರೀಕ್ಷೆ ನೋಡ್ಕೊಂಡು ಹೇಳ್ತಾರೆ."

ಆ ವಾರವಿಡೀ ಎಂಟೂ ಮಕ್ಕಳಿಗೆ ಒಂದು ಹೊಸ ಆಟದ ಹುಚ್ಚು ಹಿಡಿದಿತ್ತು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಪಿಟೀಲು ಮುಂದೆ ಹೇಳಿದಂತೆ ಉಳಿದವರು ಕೂಗುತ್ತ ಕುಪ್ಪಳಿಸುವುದು. "ಮೂರು, ಒಂದು, ಒಂದು, ನಾಲ್ಕು! ಎರಡು, ನಾಲ್ಕು, ಮೂರು, ಮೂರು!" ತಪ್ಪಿದವನು ಮತ್ತೆ ಕೆಳಗಿನ ಮೆಟ್ಟಿಲಿಂದ ಶುರು ಮಾಡಬೇಕು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು, ಹಲ್ಲಿಲ್ಲದ ಎರಡನೇ ತರಗತಿಯ ಹುಡುಗ, ದಿನಕ್ಕೆ ಇಪ್ಪತ್ತು ಸಲ ಕೆಳಗಿಂದ ಹತ್ತುತ್ತಿದ್ದ. ನಾನು ಒರೆಸಿದ ಮೆಟ್ಟಿಲನ್ನೆಲ್ಲ ತುಳಿದು ಹಾಳು ಮಾಡುತ್ತಿದ್ದರು. "ಎದ್ದು ಹೋಗ್ತೀರೋ, ಪೊರಕೆ ತರ್ಲೋ?" ಎಂದು ಅಟ್ಟಿದೆ. ಕಿಲಕಿಲ ನಗುತ್ತ ಅಂಗಳಕ್ಕೆ ಓಡಿ ಅಲ್ಲಿ ಶುರು ಮಾಡಿದರು. ಮೇಷ್ಟ್ರು ಹೋದ ಮೇಲೆ ಮೊದಲ ಸಲ ನಗುತ್ತಿವೆಯಲ್ಲ ಎಂದು ನನಗೂ ಒಳಗೊಳಗೆ ಖುಷಿಯಾಯಿತು.

ಗುರುವಾರ ಸಾಹೇಬರು ಹೇಳಿದ ಹೊತ್ತಿಗೆ ಬಂದರು. ಎಂಟು ಟ್ಯಾಬುಗಳನ್ನು ಒರೆಸಿ, ಎಂಟು ಮಣೆಗಳ ಮುಂದೆ ನಾನೇ ಇಟ್ಟೆ. ದೊಡ್ಡ ಮೇಡಂ ತಲೆನೋವೆಂದು ತಮ್ಮ ಕೋಣೆಯಲ್ಲೇ ಉಳಿದರು. ಬಾಗಿಲ ಪಕ್ಕದಲ್ಲಿ ನಿಂತಿರಲು ಸಾಹೇಬರು ನನಗೆ ಒಪ್ಪಿಗೆ ಕೊಟ್ಟರು. ಮಕ್ಕಳು ತಲೆ ಬಾಚಿಕೊಂಡು ಬಂದಿದ್ದವು. ಪಿಟೀಲು ಹಬ್ಬದ ಬಟ್ಟೆ ಹಾಕಿಕೊಂಡಿದ್ದಳು, ನನಗೆ ಹೇಳದೆ.

"ಶುರು ಮಾಡಿ" ಎಂದರು ಸಾಹೇಬರು.

ಎಂಟು ಮೊಲಗಳು ಒಟ್ಟಿಗೆ ಕಿವಿ ಎತ್ತಿದವು. ಪಿಟೀಲು ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಬೆರಳು ಇಟ್ಟಳು. ಮೊಲ ಚಪ್ಪಾಳೆ ಹೊಡೆಯಿತು. ಮತ್ತೆ ತುಟಿ, ಮತ್ತೆ ಬೆರಳು, ಮತ್ತೆ ಚಪ್ಪಾಳೆ. ಹಲ್ಲಿಲ್ಲದ ಹುಡುಗ ಕೂತಲ್ಲೇ ಕಾಲಿನಿಂದ ತಾಳ ಹಾಕುತ್ತಿದ್ದ. ಆ ತಾಳ ನನಗೆ ಗೊತ್ತಿತ್ತು. ವಾರವಿಡೀ ನನ್ನ ಒದ್ದೆ ಮೆಟ್ಟಿಲ ಮೇಲೆ ಕೇಳಿದ್ದೆ.

ಮೂರು, ಒಂದು, ಒಂದು, ನಾಲ್ಕು. ಎರಡು, ನಾಲ್ಕು, ಮೂರು, ಮೂರು.

ಅಯ್ಯೋ ನನ್ನ ಕರ್ಮವೇ! "ನಿಲ್ಸಿ!" ಎಂದು ಕೂಗಬೇಕೆಂದುಕೊಂಡೆ. ಗಂಟಲಿಂದ ದನಿ ಹೊರಟಾಗ ಸಾಹೇಬರು ತುಟಿಯ ಮೇಲೆ ಬೆರಳಿಟ್ಟು ಗದರಿದರು. ಕೂಗಿ ತಾನೇ ಏನು ಹೇಳುತ್ತಿದ್ದೆ? ಸರಿ ಉತ್ತರ ಒತ್ತಬೇಡಿ ಎಂದೇ? ಹತ್ತು ನಿಮಿಷವೂ ಆಗಲಿಲ್ಲ, ಎಂಟು ಮೊಲಗಳೂ ಒಂದಾದ ಮೇಲೊಂದು ಕುಣಿಯತೊಡಗಿದವು. ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು. ಇಪ್ಪತ್ತಮೂರು. ಹಲ್ಲಿಲ್ಲದವನಿಗೂ ಇಪ್ಪತ್ತೊಂದು.

ಸಾಹೇಬರು ಎಂಟೂ ಪರದೆಗಳನ್ನು ನೋಡಿಕೊಂಡು ಬಂದರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಏನಮ್ಮಾ ಇದು?"

"ಬಾಯಿಪಾಠ ಸಾಹೇಬ್ರೆ! ಒಂದಕ್ಷರ ಓದಿಲ್ಲ ಅವು. ಯಾವ ಪ್ರಶ್ನೆಗೆ ಎಷ್ಟನೇದು ಅಂತ ಸಾಲಾಗಿ ಕಲ್ತಿದಾವೆ. ಪುಸ್ತಕ ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಪುಸ್ತಕ ಕೊಟ್ಟು ನೋಡಿ."

ಅವರು ಕಿಟಕಿಯಿಂದ ಒಳಗೆ ನೋಡಿದರು. ಎಂಟು ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಕುಣಿಯುತ್ತಿದ್ದರು.

"ಗೊತ್ತಾಯ್ತು ಕಣಮ್ಮ. ಕಣ್ಣು ಮುಚ್ಕೊಂಡು ಒತ್ತಿದ್ದು ನಾನೂ ನೋಡಿದೆ. ಆದ್ರೆ ಮೊಲ ಕುಣಿದ ಕ್ಷಣಕ್ಕೇ ಅಂಕಿ ಮೇಲಕ್ಕೆ ಹೋಗಿಬಿಡುತ್ತೆ. ಮರುಪರೀಕ್ಷೆ ವರ್ಷಕ್ಕೊಂದೇ. ಈಗ ಓದಿಸಿ ನಾನೇನು ಬರೀಲಿ? ಆ ಮಕ್ಕಳ ಮುಖ ಸಣ್ಣಗೆ ಮಾಡೋದು ಬಿಟ್ರೆ ಇನ್ನೇನೂ ಆಗಲ್ಲ."

"ಬೇರೆ ಪ್ರಶ್ನೆ ಹಾಕಿಸ್ಬಾರದಾ?"

"ಅದಕ್ಕೆ ದುಬಾರಿದು ತಗೋಬೇಕಿತ್ತು" ಎಂದರು. ಚೀಲ ಹೆಗಲಿಗೇರಿಸಿಕೊಂಡು, ಟೀ ಬೇಡ ಎಂದು, ಮೆಟ್ಟಿಲ ಪಕ್ಕದಲ್ಲಿ ಹಾದು ಗೇಟಿನ ಕಡೆ ನಡೆದರು. ಮನುಷ್ಯ ಒಂದು ಸಲವೂ ತಿರುಗಿ ನೋಡಲಿಲ್ಲ.

ಪಿಟೀಲು ಓಡಿಬಂದು ನನ್ನ ಸೊಂಟ ತಬ್ಬಿದಳು. ಬೀಗದ ಕೈ ಅವಳ ಕೆನ್ನೆಗೆ ಒತ್ತಿತು.

"ಎಂಟೂ ಜನ ಪಾಸು ಅತ್ತೆ! ನೀನು ಹೇಳಿದ್ಯಲ್ಲ, ನಾವು ಪಾಸಾಗೋ ಮಕ್ಕಳಾಗಿದ್ರೆ ಮೇಷ್ಟ್ರು ಹೋಗ್ತಿರ್ಲಿಲ್ಲ ಅಂತ! ನಾನೇ ಎಲ್ರಿಗೂ ಹೇಳಿಕೊಟ್ಟೆ. ಈ ಹಲ್ಲಿಲ್ಲದವನಿಗೆ ಬರ್ತಾನೇ ಇರ್ಲಿಲ್ಲ, ನಾನು ಬೈಲೇ ಇಲ್ಲ, ಮೇಷ್ಟ್ರ ಥರ ಕಾದೆ. ಈಗ ನಾವು ದಡ್ಡರಲ್ಲ. ಯಾವಾಗ ಬರ್ತಾರೆ ಮೇಷ್ಟ್ರು? ನಾಳೆನಾ?"

ಅವಳ ಹಿಂದೆ ಉಳಿದ ಏಳು ಮಕ್ಕಳು ಬಂದು ನಿಂತಿದ್ದವು.

"ನಾಳೆ ಅಲ್ಲ" ಎಂದೆ. "ಬರ್ತಾರೆ."

ಮುಂದಿನ ವಾರ ಮೆಟ್ಟಿಲ ಕೋಣೆಯನ್ನು ಖಾಲಿ ಮಾಡು ಎಂದು ದೊಡ್ಡ ಮೇಡಂ ಹೇಳಿದರು. ಕೆಟ್ಟ ಟ್ಯಾಬುಗಳನ್ನು ಬಿಸಾಡುವಂತಿಲ್ಲ, ಇಲಾಖೆಯ ಸ್ವತ್ತು, ಲೆಕ್ಕಕ್ಕೆ ಇರಬೇಕು. ಹದಿನೆಂಟನ್ನೂ ಅಲ್ಲಿ ಜೋಡಿಸಿಟ್ಟೆ. ಬಾಗಿಲಿಗೆ ಹೊಸ ಹೆಸರಿನ ಹಲಗೆ ಹೊಡೆದರು. ಆವತ್ತು ಸಂಜೆ ನಾನು ಮೇಜಿನ ಮುಂದೆ ಕೂತಿದ್ದಾಗ ಪಿಟೀಲು ಒಂದು ಚೀಟಿ ಹಿಡಿದು ಬಂದಳು. ದಿನಕ್ಕೊಂದು ಪದ ತರುವುದನ್ನು ಅವಳು ನಿಲ್ಲಿಸಿರಲಿಲ್ಲ.

"ಇವತ್ತಿನ ಪದ ಎಲ್ಲಿಂದ ಗೊತ್ತಾ? ಮೇಷ್ಟ್ರ ಬಾಗಿಲಿಂದಾನೇ! ಅವರಿಗೇ ಅಂತ ಬರೆದಿರ್ತಾರೆ" ಎಂದು ಚೀಟಿ ಬಿಡಿಸಿ ಬೆರಳಿಟ್ಟಳು. "ಮೊದಲನೇದು 'ದಾ'. ಕೊನೇದು 'ನು'. ಮಧ್ಯದ್ದು ಒತ್ತಕ್ಷರ, ಅದು ಬರಲ್ಲ."

ಸೊಟ್ಟ ಸೊಟ್ಟ ಅಕ್ಷರದಲ್ಲಿ 'ದಾಸ್ತಾನು' ಎಂದು ಬರೆದಿದ್ದಳು. ಒತ್ತನ್ನೂ ಬಿಟ್ಟಿರಲಿಲ್ಲ. ನಾನು ಬಾಯಿ ತೆರೆದೆ.

"ನೀನು ಹೇಳ್ಬೇಡ ಅತ್ತೆ! ನನ್ನ ಪದ ಅದು. ಮೇಷ್ಟ್ರು ಬಂದ್ಮೇಲೆ ನಾನೇ ಓದ್ತೀನಿ."

ಸರಿ ಎಂದೆ. ಅವಳೇ ಚೀಟಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಬೆಂಚಿನ ಮೇಲೆ ಕೂತು ಕಾಲು ಆಡಿಸತೊಡಗಿದಳು. ಆ ವಾರದ ತೊಂಬತ್ತು ಮಕ್ಕಳದ್ದು ಇನ್ನೂ ಬಾಕಿ ಇತ್ತು. ನಾನು ಮೊದಲನೇ ಟ್ಯಾಬನ್ನು ಹತ್ತಿರ ಎಳೆದುಕೊಂಡೆ.